ಬಾಯಾರಿದ ಬಾಟಲಿ

ಆ ಕಾಲೇಜಿನಲ್ಲಿ ಅವನನ್ನು ನಿಜವಾದ ಹೆಸರು ಹಿಡಿದು ಕರೆಯುತ್ತಿದ್ದದ್ದು ಹಾಜರಿ ಪುಸ್ತಕದ ಗುಮಾಸ್ತರೊಬ್ಬರೇ. ಉಳಿದವರಿಗೆಲ್ಲ ಅವನು ಲೇಬಲ್ಲಣ್ಣ. ರಸಾಯನಶಾಸ್ತ್ರ ವಿಭಾಗದ ಸ್ಟೋರ್‌ಕೀಪರ್, ಮೂವತ್ತೊಂದು ವರ್ಷದ ಸರ್ವಿಸು. ಒಂದು ಬಾಟಲಿ ಕೈಗೆ ಬಂತೆಂದರೆ ಲೇಬಲ್ಲು ಅಂಟಿಸದೆ ಕೆಳಗಿಡುವ ಜಾಯಮಾನವೇ ಅವನದಲ್ಲ. ಒಳಗೆ ಏನಿದೆ, ಯಾವತ್ತು ಬಂತು, ಯಾವತ್ತು ಮುಚ್ಚಳ ತೆರೆದದ್ದು, ಮೂರೂ ಇರಬೇಕು. ದುಂಡಗಿನ ಅಕ್ಷರ, ಅದರ ಮೇಲೆ ನೀರು ತಾಗದಂತೆ ತೆಳ್ಳಗೆ ಮೇಣ.

ಹೋಗಲಿ, ಕಾಲೇಜಿನಲ್ಲಿ ಏನಾದರೂ ಮಾಡಿಕೊಳ್ಳಲಿ ಬಿಡಿ. ಮನೆಯಲ್ಲೂ ಅದೇ ರೋಗ. ಅಡುಗೆಮನೆಯಲ್ಲಿ ಉಪ್ಪು, ಸಕ್ಕರೆ, ಅಡುಗೆ ಸೋಡಾ ಮೂರಕ್ಕೂ ಒಂದೇ ಅಳತೆಯ ಸ್ಟೀಲ್ ಡಬ್ಬಿ, ಮೂರಕ್ಕೂ ಲೇಬಲ್ಲು. "ನನ್ನ ಹಣೆಗೂ ಒಂದು ಅಂಟಿಸಿಬಿಡಿ, ಹೆಂಡತಿ ಅಂತ, ಬಂದ ತಾರೀಕು ಸಮೇತ" ಎಂದು ಹೆಂಡತಿ ರೇಗುತ್ತಿದ್ದಳು. ರೇಗಿದರೇನು, ಚಹಾ ಮಾಡುವಾಗ ಅವಳು ಒಂದು ದಿನವೂ ಡಬ್ಬಿಯೊಳಗೆ ಇಣುಕಿ ನೋಡಿದವಳಲ್ಲ. ಲೇಬಲ್ಲು ಓದುವುದು, ಚಮಚ ಹಾಕುವುದು, ಮುಚ್ಚುವುದು. ಗಂಡ ಬರೆದಿದ್ದಾನೆ ಎಂದಮೇಲೆ ಮುಗಿಯಿತು.

ಇಂಥ ಮನುಷ್ಯ ಆರು ವರ್ಷ ಸುಳ್ಳು ಬರೆದ. ಒಂದೇ ಒಂದು ಬಾಟಲಿಯ ವಿಷಯದಲ್ಲಿ. ಉಳಿದ ನಾನೂರು ಚಿಲ್ಲರೆ ಬಾಟಲಿಗಳ ಬಗ್ಗೆ ಅವನು ಬರೆದದ್ದೆಲ್ಲ ಅಕ್ಷರಶಃ ಸತ್ಯ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನ ಮಾತನ್ನು ಯಾರೂ ನಂಬಲಿಕ್ಕಿಲ್ಲ.

ಸ್ಟೋರಿನ ಹಿಂಗೋಡೆಯ ಮೂಲೆಯಲ್ಲಿ, ಕಪಾಟಿನ ಕೆಳ ಅರೆಯಲ್ಲಿ, ಕಂದು ಗಾಜಿನ ಒಂದು ಬಾಟಲಿ. ಪಿಕ್ರಿಕ್ ಆಸಿಡ್. ಹಳದಿ ಪುಡಿ, ಬೆರಳಿಗೆ ತಾಗಿದರೆ ವಾರವಾದರೂ ಬಣ್ಣ ಹೋಗದು. ಲೇಬಲ್ಲಣ್ಣ ಕೆಲಸಕ್ಕೆ ಸೇರಿದ ಮೊದಲ ವಾರ ವಿಭಾಗದ ಹಳೇ ಮೇಷ್ಟ್ರು ಅವನನ್ನು ಆ ಮೂಲೆಗೆ ಕರೆದುಕೊಂಡು ಹೋಗಿ ಕುಕ್ಕರಗಾಲಲ್ಲಿ ಕೂರಿಸಿದ್ದರು.

"ನೋಡಯ್ಯ, ಉಳಿದದ್ದೆಲ್ಲ ಮರೆತರೂ ಇದನ್ನ ಮರೀಬೇಡ. ಪುಡಿ ಮೇಲೆ ನೀರು ನಿಂತಿರೋ ತನಕ ಇದು ಹಸು. ಒಣಗಿತೋ, ಬಾಂಬು. ಮುಚ್ಚಳದ ಥ್ರೆಡ್ಡಲ್ಲಿ ಒಂದು ಚಿಟಿಕೆ ಪುಡಿ ಕೂತು ಒಣಗಿದ್ರೂ ಸಾಕು, ತಿರುಗಿಸೋ ಹೊತ್ತಲ್ಲಿ ಉಜ್ಜುತ್ತಲ್ಲ, ಅಷ್ಟೇ ಬೇಕು ಅದಕ್ಕೆ. ಇದಕ್ಕೆ ಬಾಯಾರಬಾರದು ಕಣಯ್ಯ."

ಅಂದಿನಿಂದ ಒಂದು ವ್ರತ. ಪ್ರತಿ ತಿಂಗಳ ಮೊದಲ ಸೋಮವಾರ, ಟಾರ್ಚು ಹಾಕಿ ನೀರಿನ ಮಟ್ಟ ನೋಡುವುದು, ಒದ್ದೆ ಬಟ್ಟೆಯಿಂದ ಕತ್ತು ಒರೆಸುವುದು, ಮೆಲ್ಲಗೆ ಮುಚ್ಚಳ ತೆರೆದು ಕಡಿಮೆಯಾದಷ್ಟು ನೀರು ಹಾಕುವುದು, ಮುಚ್ಚುವುದು. ಆಮೇಲೆ ಹಸಿರು ಬೈಂಡಿನ ನೋಟ್‌ಬುಕ್ಕಿನಲ್ಲಿ ತಾರೀಕು, "ನೀರು ಹಾಕಿದೆ", ಸಹಿ. ಮೇಷ್ಟ್ರು ನಿವೃತ್ತರಾದರು, ತೀರಿಯೂ ಹೋದರು. ಆ ಆಸಿಡ್ ಬೇಕಾಗುತ್ತಿದ್ದ ಪ್ರಯೋಗವನ್ನೇ ಸಿಲಬಸ್ಸಿನಿಂದ ಕಿತ್ತು ಹಾಕಿದರು. ಬಾಟಲಿ ಮಾತ್ರ ಯಾರಿಗೂ ಬೇಡವಾಗಿ ಅಲ್ಲೇ ಉಳಿಯಿತು. ಅದನ್ನು ವಿಲೇವಾರಿ ಮಾಡಬೇಕಾದರೆ ಹತ್ತು ಕಚೇರಿಗೆ ಪತ್ರ ಬರೆಯಬೇಕು, ಯಾರಿಗೆ ಬೇಕು ತಲೆನೋವು? ಲೇಬಲ್ಲಣ್ಣ ನೋಡಿಕೊಳ್ಳುತ್ತಾನಲ್ಲ! ಇಪ್ಪತ್ತೈದು ವರ್ಷ ನೋಡಿಕೊಂಡ ಕೂಡ.

ಆರು ವರ್ಷದ ಹಿಂದೆ ಹೆಂಡತಿಗೆ ಹೊಟ್ಟೆಯ ಆಪರೇಷನ್ ಆಯಿತು. ಎರಡು ತಿಂಗಳು ರಜೆ ಹಾಕಿ ಆಸ್ಪತ್ರೆ, ಮನೆ ಎಂದು ಓಡಾಡಿದ. ಬಾಟಲಿಯ ನೆನಪು ಒಂದು ಸಲವೂ ಬರಲಿಲ್ಲ, ಬರಬೇಕೆಂದೂ ಇರಲಿಲ್ಲ. ವಾಪಸು ಬಂದ ದಿನವೇ ಗೊತ್ತಾಯಿತು, ನಾಳೆ ತಪಾಸಣೆ ಸಮಿತಿ ಬರುತ್ತದೆ ಎಂದು. ನೋಟ್‌ಬುಕ್ ತೆರೆದ. ಎರಡು ಸೋಮವಾರ ಖಾಲಿ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ.

ರಜೆಯಲ್ಲಿದ್ದೆ ಎಂದು ಬರೆದಿದ್ದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಆದರೆ ಆ ಖಾಲಿ ಗೆರೆಗಳು ಅವನಿಗೆ ಹಲ್ಲು ಬಿದ್ದ ಬಾಯಿಯಂತೆ ಕಂಡವು. ಎರಡು ಬೇರೆ ಬೇರೆ ಪೆನ್ನು ತೆಗೆದುಕೊಂಡು ಎರಡೂ ಸೋಮವಾರಗಳನ್ನು ತುಂಬಿದ. ಎರಡು ಪೆನ್ನು! ಅಷ್ಟು ಬುದ್ಧಿ ಓಡಿತು ಮಹಾರಾಯನಿಗೆ. ಮಾರನೆಯ ದಿನ ಸಮಿತಿಯ ಹಿರಿಯರು ಪುಟ ತಿರುವಿ ತಿರುವಿ ನೋಡಿ, ಬೆನ್ನು ತಟ್ಟಿ, "ಪುಸ್ತಕ ಅಂದ್ರೆ ಹೀಗಿರಬೇಕು ನೋಡ್ರಿ" ಎಂದರು. ಅವರ ಬೆರಳು ಆ ಎರಡು ಗೆರೆಗಳ ಮೇಲೇ ಇತ್ತು. ಲೇಬಲ್ಲಣ್ಣ ಹಲ್ಲುಗಿಂಜಿದ.

ಅವತ್ತು ಸಂಜೆ ನೀರು ಹಾಕಲೆಂದೇ ಮೂಲೆಗೆ ಹೋದ. ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿ ಗೆರೆ. ಮೊದಲಿನಿಂದಲೂ ಇತ್ತೋ, ಈಗ ಬಂದದ್ದೋ? ಥ್ರೆಡ್ಡಿನಲ್ಲಿ ಪುಡಿ ಒಣಗಿದ್ದರೆ? ಚಾಚಿದ ಕೈ ಹಿಂದಕ್ಕೆ ಬಂತು. ಯಾರನ್ನಾದರೂ ಕೇಳೋಣವೆಂದರೆ, ಹದಿನೈದು ದಿನದ ಹಿಂದೆ ನೀವೇ ತೆರೆದು ನೀರು ಹಾಕಿದ್ದೀರಲ್ಲ ಎನ್ನುತ್ತಾರೆ. ಮುಂದಿನ ತಿಂಗಳು ನೋಡಿದರಾಯಿತು ಎಂದುಕೊಂಡ. ಮುಂದಿನ ತಿಂಗಳು ಹೆದರಿಕೆ ಒಂದು ತಿಂಗಳಷ್ಟು ಬೆಳೆದಿತ್ತು. ನೀರು ಹಾಕಿದೆ, ಸಹಿ. ಅದರ ಮುಂದಿನ ತಿಂಗಳೂ ಅದೇ. ಕೊನೆಗೆ ಒಡೆದ ಬ್ಯುರೆಟ್ಟುಗಳ ಒಂದು ರಟ್ಟಿನ ಪೆಟ್ಟಿಗೆಯನ್ನು ಬಾಟಲಿಗೆ ಅಡ್ಡವಾಗಿ ಇಟ್ಟುಬಿಟ್ಟ. ನೋಡಿದರೆ ತಾನೇ ಗೊತ್ತಾಗುವುದು?

ನೋಡದಿದ್ದರೂ ಗೊತ್ತಿತ್ತು ಎನ್ನಿ. ಪ್ರತಿ ಮೊದಲ ಸೋಮವಾರ ಬೆಳಗಿನ ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಪಕ್ಕದ ಪ್ರಯೋಗಶಾಲೆಯಲ್ಲಿ ಮಕ್ಕಳು ನಗುವುದು ಕೇಳಿದರೆ ಎದ್ದು ಹೋಗಿ ಬಾಗಿಲು ಹಾಕಿಬರುತ್ತಿದ್ದ. ಆ ದಿನಗಳಲ್ಲಿ ಅವನು ಉಳಿದ ಬಾಟಲಿಗಳನ್ನು ಎರಡೆರಡು ಸಲ ಒರೆಸುತ್ತಿದ್ದ.

ಈಗ ನಿವೃತ್ತಿಗೆ ಆರು ದಿನ ಉಳಿದಿತ್ತು. ಅವನ ಜಾಗಕ್ಕೆ ಬಂದವಳು ಬೇರೆ ಯಾರೂ ಅಲ್ಲ, ಸ್ವಂತ ತಂಗಿಯ ಮಗಳು. ರಸಾಯನಶಾಸ್ತ್ರದಲ್ಲಿ ಡಿಗ್ರಿ ಮಾಡಿ, ಪರೀಕ್ಷೆ ಬರೆದು, ತನ್ನ ಯೋಗ್ಯತೆಯ ಮೇಲೇ ಕೆಲಸ ಗಿಟ್ಟಿಸಿದ್ದಳು. ಮನೆಮಂದಿಗೆಲ್ಲ ಅವಳು ಪುಟ್ಟಿ. ಕೆಲಸ ಸಿಕ್ಕಿದ್ದರಿಂದ ಮಾವನ ಮನೆಯಲ್ಲೇ ಬಂದು ಉಳಿದಿದ್ದಳು. ಚಿಕ್ಕವಳಿದ್ದಾಗ ಮಾವನ ಲೇಬಲ್ಲುಗಳನ್ನು ನೋಡಿ ಅಕ್ಷರ ಕಲಿತವಳು. ಹಸಿರು ನೋಟ್‌ಬುಕ್ಕನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ ರೀತಿ ನೋಡಿದರೆ ಲೇಬಲ್ಲಣ್ಣನಿಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನಿಸುತ್ತಿತ್ತು.

ಚಾರ್ಜು ವಹಿಸಿಕೊಡುವುದೆಂದರೆ ಸುಮ್ಮನೆ ಸಹಿ ಹಾಕುವುದಲ್ಲ. ಒಂದೊಂದೇ ಬಾಟಲಿ ಇಳಿಸಿ, ಮುಚ್ಚಳ ತೆರೆದು ನೋಡಿ, ತೂಗಿ, ಪಟ್ಟಿಯಲ್ಲಿ ಗುರುತು ಹಾಕಬೇಕು. ಬಾಗಿಲ ಪಕ್ಕದಿಂದ ಶುರು ಮಾಡಿದರು. ಎರಡು ದಿನದಲ್ಲಿ ಮೂರು ಗೋಡೆ ಮುಗಿಯಿತು. ಉಳಿದದ್ದು ಹಿಂಗೋಡೆ.

"ಆ ಮೂಲೆ ನಾನು ನೋಡ್ಕೋತೀನಿ, ನೀನು ಬರ್ಕೋ ಸಾಕು" ಎಂದ ಲೇಬಲ್ಲಣ್ಣ.

"ಆ ಪಿಕ್ರಿಕ್ಕಾ? ಅದರಲ್ಲೇನಿದೆ ಮಾವ, ಇಡೀ ಸ್ಟೋರಲ್ಲಿ ಅದರಷ್ಟು ಚೆನ್ನಾಗಿ ನೋಡ್ಕೊಂಡಿರೋ ಬಾಟಲಿನೇ ಇಲ್ಲ."

ಮೂರನೆಯ ದಿನ ಬೆಳಿಗ್ಗೆ ಅವಳಿಗಿಂತ ಒಂದು ಗಂಟೆ ಮುಂಚೆ ಹೋಗಿ ಬಾಗಿಲು ತೆಗೆದ. ಪೆಟ್ಟಿಗೆ ಸರಿಸಿ ಟಾರ್ಚು ಹಾಕಿದ. ಆರು ವರ್ಷದ ಮೇಲೆ. ನೀರೆಂಬುದು ಹನಿಯೂ ಇರಲಿಲ್ಲ. ಪುಡಿ ಹೆಪ್ಪುಗಟ್ಟಿ, ಬಿರುಕು ಬಿಟ್ಟು, ಗಾಜಿಗೆ ಅಂಟಿಕೊಂಡಿತ್ತು. ಮುಚ್ಚಳದ ಸುತ್ತ ಸೂಜಿಯಂಥ ಹಳದಿ ಹರಳು. ಲೇಬಲ್ಲು ಮಾತ್ರ ಮೇಣದ ಕೆಳಗೆ ಹೊಸದರಂತೆ ಹೊಳೆಯುತ್ತಿತ್ತು.

ಅವನು ನೆಲದ ಮೇಲೆ ಕೂತುಬಿಟ್ಟ. ಇವತ್ತು, ನಾಳೆ, ನಾಡಿದ್ದು, ಆಚೆ ನಾಡಿದ್ದು. ಆಮೇಲೆ ಮನೆ. ಅಷ್ಟರಲ್ಲಿ ಪುಟ್ಟಿ ಇದನ್ನು ಮುಟ್ಟದಂತೆ ಮಾಡಿದರೆ ಸಾಕಲ್ಲ? ಜೇಬಿನಿಂದ ಲೇಬಲ್ಲಿನ ಕಾಗದ ತೆಗೆದ. ದುಂಡಗೆ ಬರೆದ: ಮುಟ್ಟಬೇಡಿ. ಅದರ ಕೆಳಗೆ ಕಾರಣ ಬರೆಯಬೇಕು. ಕಾರಣವಿಲ್ಲದ ಲೇಬಲ್ಲು ಲೇಬಲ್ಲೇ ಅಲ್ಲ ಎಂದು ಮೂವತ್ತು ವರ್ಷ ಊರಿಗೆಲ್ಲ ಪಾಠ ಹೇಳಿದವನು ಅವನೇ. "ಕಾರಣ" ಎಂದು ಬರೆದ, ಎರಡು ಚುಕ್ಕಿ ಇಟ್ಟ, ಅಲ್ಲಿಗೆ ಪೆನ್ನು ನಿಂತಿತು. ಎಷ್ಟೋ ಹೊತ್ತು ಕೂತಿದ್ದ. ಹೊರಗೆ ಪುಟ್ಟಿಯ ಚಪ್ಪಲಿ ಸದ್ದಾಯಿತು. ಕಾಗದವನ್ನು ಮುದುರಿ ಜೇಬಿಗೆ ತುರುಕಿ, ಪೆಟ್ಟಿಗೆಯನ್ನು ಮತ್ತೆ ಅಡ್ಡ ಇಟ್ಟ. ಥೂ ನಿನ್ನ, ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡು ಏನು ಬಂತು!

ಹನ್ನೊಂದರ ಹೊತ್ತಿಗೆ ಪ್ರಿನ್ಸಿಪಾಲರು ಹೇಳಿಕಳಿಸಿದರು. ಹೋಗುವ ಮುಂಚೆ ಪುಟ್ಟಿಗೆ, "ನಾನು ಬರೋ ತನಕ ಆ ಮೂಲೆಗೆ ಹೋಗ್ಬೇಡ, ಆಯ್ತಾ?" ಎಂದ. "ಆಯ್ತು ಮಾವ" ಎಂದಳು, ತಕ್ಕಡಿಯಿಂದ ತಲೆ ಎತ್ತದೆ.

ಪ್ರಿನ್ಸಿಪಾಲರ ಮುಖ ಅರಳಿತ್ತು. ಬೀಳ್ಕೊಡುಗೆ ಸಭೆಯ ಭಾಷಣ ತಾವೇ ಬರೆದಿದ್ದರಂತೆ. "ಸುಮ್ಮನೆ ಗಡಿಯಾರ ಕೊಟ್ಟು ಕಳಿಸೋದಲ್ಲ. ನಿಮ್ಮ ಆ ಹಸಿರು ಪುಸ್ತಕ ಇದೆಯಲ್ಲ, ಅದನ್ನ ಲೈಬ್ರರಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡ್ತೀವಿ. ಮೂವತ್ತೊಂದು ವರ್ಷ, ಒಂದು ತಿಂಗಳೂ ತಪ್ಪಿಲ್ಲ! ಮಕ್ಕಳು ನೋಡಿ ಕಲೀಲಿ" ಎಂದು, ಬಡಗಿ ಮಾಡಿಕೊಟ್ಟಿದ್ದ ಪೆಟ್ಟಿಗೆಯನ್ನೂ ತೋರಿಸಿದರು. ಭಾಷಣದ ಎರಡು ಪುಟ ಓದಿದರು. ಲೇಬಲ್ಲಣ್ಣ ನೆಲದ ಟೈಲ್ಸು ನೋಡುತ್ತ ನಿಂತಿದ್ದ. ಈಗ ಹೇಳಿಬಿಡಲೇ ಎಂದು ಬಾಯಿ ತೆರೆದ, ಬಾಯಿಂದ ಬಂದದ್ದು "ಎಲ್ಲ ನಿಮ್ಮ ದೊಡ್ಡತನ ಸರ್" ಎಂಬ ಮಾತು.

ಸ್ಟೋರಿಗೆ ವಾಪಸು ಬಂದಾಗ ತಕ್ಕಡಿಯ ಹತ್ತಿರ ಯಾರೂ ಇರಲಿಲ್ಲ. ರಟ್ಟಿನ ಪೆಟ್ಟಿಗೆ ನಡುದಾರಿಯಲ್ಲಿತ್ತು.

ಪುಟ್ಟಿ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಬಾಗಿಲ ಕಡೆಗೆ ಬೆನ್ನು. ಎಡಗೈ ಬಾಟಲಿಯ ಮೇಲೆ, ಬಲಗೈ ಮುಚ್ಚಳದ ಮೇಲೆ. ಅವನಿಂದ ಅವಳಿಗೆ ಹನ್ನೆರಡು ಹೆಜ್ಜೆ. ಕೂಗಿದರೆ ಬೆಚ್ಚಿಬೀಳುತ್ತಾಳೆ, ಓಡಿದರೆ ತಿರುಗುತ್ತಾಳೆ.

"ಪುಟ್ಟಿ" ಎಂದ, ಆದಷ್ಟೂ ಮೆಲ್ಲಗೆ. "ಕೈ ತೆಗಿ."

"ಬಂದ್ರಾ ಮಾವ? ಬೈಬೇಡಿ, ನಿಮಗೆ ಸೊಂಟ ನೋವಲ್ವಾ, ಬಗ್ಗೋದು ಬೇಡ ಅಂತ ನಾನೇ ಕೂತೆ. ಇಲ್ಲಿ ಕತ್ತಲೆ, ಏನೂ ಸರಿಯಾಗಿ ಕಾಣ್ತಿಲ್ಲ. ಒದ್ದೆ ಬಟ್ಟೆ ಇಟ್ಕೊಂಡಿದ್ದೀನಿ, ನೀವು ಹೇಳಿಕೊಟ್ಟ ಹಾಗೇ ಮಾಡ್ತೀನಿ."

"ಬೇಡ. ಅದರಲ್ಲಿ ನೀರಿಲ್ಲ."

"ಇಲ್ದೇ ಏನು? ಈ ತಿಂಗಳೂ ಹಾಕಿದ್ದೀರಲ್ಲ. ಪುಸ್ತಕ ನೋಡೇ ಕೂತೆ."

"ಈ ತಿಂಗಳು ಹಾಕಿಲ್ಲ."

ಪುಟ್ಟಿ ನಕ್ಕಳು. "ಅಯ್ಯೋ, ಮರೆತ್ರಾ? ಇಷ್ಟಕ್ಕಾ ಹೀಗೆ ದನಿ ಸಣ್ಣ ಮಾಡ್ಕೊಂಡಿದ್ದೀರಿ? ಒಂದು ತಿಂಗಳಿಗೆ ಏನಾಗುತ್ತೆ ಮಾವ, ಈಗಲೇ ಹಾಕಿದ್ರಾಯ್ತು. ನಾನು ಯಾರಿಗೂ ಹೇಳಲ್ಲ ಬಿಡಿ." ಬಲಗೈ ಮುಚ್ಚಳವನ್ನು ಬಿಗಿಯಾಗಿ ಹಿಡಿಯಿತು.

ನೋಡಿ, ಅರ್ಧ ಹೇಳಿ ಪಾರಾಗೋಣವೆಂದುಕೊಂಡಿದ್ದ. ಕೊನೆಯ ಗಳಿಗೆಯಲ್ಲೂ ಅರ್ಧ! ಅರ್ಧಕ್ಕೆ ಆ ಕೈ ಬಿಡಲಿಲ್ಲ. ಮಾವನ ಮೇಲಿನ ನಂಬಿಕೆಯೇ ಆ ಬೆರಳುಗಳನ್ನು ಅಲ್ಲಿ ಹಿಡಿದಿಟ್ಟಿತ್ತು. ಅದನ್ನು ಮುರಿಯದೆ ಅವಳ ಕೈ ಉಳಿಯುವಂತಿರಲಿಲ್ಲ.

"ಆರು ವರ್ಷ ಆಯ್ತು ಪುಟ್ಟಿ" ಎಂದ. "ಆರು ವರ್ಷದಿಂದ ಒಂದು ಹನಿ ಹಾಕಿಲ್ಲ. ಮುಚ್ಚಳ ಮುಟ್ಟಿಲ್ಲ. ಆ ಪುಸ್ತಕದಲ್ಲಿರೋದೆಲ್ಲ ಸುಳ್ಳು. ಪ್ರತಿ ತಿಂಗಳೂ ಟೇಬಲ್ ಮುಂದೆ ಕೂತ್ಕೊಂಡು ಸುಳ್ಳು ಬರೆದೆ."

"ನೀವಾ? ಸುಮ್ನಿರಿ ಮಾವ, ತಮಾಷೆ ಸಾಕು."

"ನಿನ್ನತ್ತೆ ಆಣೆ. ಬೆಳಿಗ್ಗೆ ಟಾರ್ಚು ಹಾಕಿ ನೋಡಿದೆ, ಒಣಗಿ ಬಿರುಕು ಬಿಟ್ಟಿದೆ. ನೋಡಿನೂ ನಿನಗೆ ಹೇಳಲಿಲ್ಲ. ಹೆದರಿಕೊಂಡೆ. ಗಾಜಿನ ಪೆಟ್ಟಿಗೆ ಮಾಡಿಸಿದ್ದಾರೆ ಪುಟ್ಟಿ ಅಲ್ಲಿ, ನನ್ನ ಪುಸ್ತಕಕ್ಕೆ..." ಅರವತ್ತು ವರ್ಷದ ಗಂಡಸು ಬಾಗಿಲಲ್ಲಿ ನಿಂತು ಅತ್ತ.

ಪುಟ್ಟಿ ಕತ್ತು ತಿರುಗಿಸಿ ಅವನ ಮುಖ ನೋಡಿದಳು. ಅವಳ ಮುಖದ ಬಣ್ಣ ಇಳಿಯುತ್ತ ಹೋಯಿತು. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಆಮೇಲೆ ಎಡಗೈ. ಮೆಲ್ಲಗೆ ಎದ್ದು, ಗೋಡೆ ಹಿಡಿದುಕೊಂಡು ಬಂದು, ಅವನ ಪಕ್ಕದಿಂದ ಹೊರಗೆ ಹೋದಳು. ಕಾರಿಡಾರಿನ ಬೆಲ್ಲನ್ನು ಬಾರಿಸಿದವಳು ಅವಳೇ.

ಅರ್ಧ ಗಂಟೆಯಲ್ಲಿ ಕಾಲೇಜಿಗೆ ಕಾಲೇಜೇ ಮೈದಾನದಲ್ಲಿತ್ತು. ಬಾಂಬು ದಳದವರು ಬಂದರು. ದಪ್ಪ ಅಂಗಿ ತೊಟ್ಟ ಅಧಿಕಾರಿ ಕೇಳಿದ, "ಇದನ್ನ ಕೊನೇ ಸಲ ತೆರೆದದ್ದು ಯಾವಾಗ? ಸರಿಯಾಗಿ ಹೇಳಿ, ನನ್ನ ಹುಡುಗರು ಒಳಗೆ ಹೋಗಬೇಕು."

ಪ್ರಿನ್ಸಿಪಾಲರು ಒಳ್ಳೆಯವರು. ನಡುವೆ ಬಾಯಿ ಹಾಕಿದರು. "ಮುಚ್ಚಳ ಸಡಿಲ ಆಗಿ ನೀರು ಆರಿಹೋಗಿರಬೇಕು. ಹಳೇ ಬಾಟಲಿ. ಅಲ್ವೇನ್ರೀ?" ಎಂದು ಲೇಬಲ್ಲಣ್ಣನ ಕಡೆ ನೋಡಿದರು. ಹೂಂ ಅಂದುಬಿಡಿ ಎಂಬಂತಿತ್ತು ಆ ನೋಟ. ಎಷ್ಟು ಸುಲಭವಿತ್ತು! ಹೂಂ ಎನ್ನಲು ಕತ್ತು ಅರ್ಧ ಬಗ್ಗಿತು ಕೂಡ. ಆಗ ಪುಟ್ಟಿ ಕಣ್ಣಿಗೆ ಬಿದ್ದಳು. ಮೇಷ್ಟ್ರುಗಳ ಗುಂಪಿನ ಹಿಂದೆ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ಎಪ್ಪತ್ನಾಲ್ಕು ತಿಂಗಳು" ಎಂದ ಲೇಬಲ್ಲಣ್ಣ. "ಮುಚ್ಚಳದ್ದೇನೂ ತಪ್ಪಿಲ್ಲ. ನಾನು ನೀರು ಹಾಕದೆ ಹಾಕಿದೆ ಅಂತ ಬರೆದೆ."

ಮುನ್ನೂರು ಮಕ್ಕಳು, ನಲವತ್ತು ಮೇಷ್ಟ್ರುಗಳು. ಅವನು ತಲೆ ಎತ್ತಲಿಲ್ಲ. ಪ್ರಿನ್ಸಿಪಾಲರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಬೈದಿದ್ದರೆ ವಾಸಿಯಿತ್ತು.

ಸಂಜೆಯ ಹೊತ್ತಿಗೆ ಬಾಟಲಿಯನ್ನು ಮರಳು ತುಂಬಿದ ಪೆಟ್ಟಿಗೆಯಲ್ಲಿ ಹೊರಗೆ ತಂದು, ಮೈದಾನದಾಚೆಯ ಬಯಲಲ್ಲಿ ಗುಂಡಿ ತೋಡಿ ಇಳಿಸಿ, ದೂರದಿಂದ ಸಿಡಿಸಿದರು. ಸದ್ದಿಗೆ ಕಾಲೇಜಿನ ಕಿಟಕಿಗಳೆಲ್ಲ ಗಡಗಡ ಎಂದವು. ಮಣ್ಣು ತೆಂಗಿನಮರದೆತ್ತರಕ್ಕೆ ಎದ್ದಿತು. ಕೆಲವು ಮಕ್ಕಳು ಚಪ್ಪಾಳೆ ಹೊಡೆದರು, ಮಕ್ಕಳಲ್ಲವೇ. ಪುಟ್ಟಿ ಅಂಗೈ ತಿರುಗಿಸಿ ಬೆರಳುಗಳನ್ನು ನೋಡಿಕೊಂಡಳು. ತುದಿಗಳಲ್ಲಿ ಹಳದಿ ಅಂಟಿತ್ತು. ಲೇಬಲ್ಲಣ್ಣನೂ ನೋಡಿದ. ಹಸಿರು ನೋಟ್‌ಬುಕ್ಕನ್ನು ಅಧಿಕಾರಿ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೊಂದು ಲೇಬಲ್ಲು ಬರೆದು ಅಂಟಿಸಿಕೊಂಡು ಹೋದ. ಅಕ್ಷರ ಕಾಗೆಕಾಲು.

ಬೀಳ್ಕೊಡುಗೆ ಸಭೆ ಆಗಲಿಲ್ಲ. ಅದರ ಬಗ್ಗೆ ಯಾರೂ ಏನೂ ಹೇಳಲೂ ಇಲ್ಲ. ಮಾರನೆಯ ದಿನ ಲೇಬಲ್ಲಣ್ಣ ಸ್ಟೋರಿಗೆ ಹೋದಾಗ ಪುಟ್ಟಿ ಬಾಗಿಲ ಪಕ್ಕದ ಕಪಾಟಿನಿಂದ ಮತ್ತೆ ಶುರು ಮಾಡಿದ್ದಳು. ಮುಗಿಸಿದ್ದ ಮೂರು ಗೋಡೆಗಳನ್ನೂ ಮೊದಲಿನಿಂದ. ಒಂದೊಂದನ್ನೂ ಇಳಿಸಿ, ವಾಸನೆ, ಬಣ್ಣ, ತೂಕ ನೋಡಿ, ಅನುಮಾನ ಬಂದರೆ ಪ್ರಯೋಗ ಮಾಡಿ. ಉಪ್ಪು ಎಂದಿದ್ದದ್ದು ಉಪ್ಪೇ. ಸುಣ್ಣ ಎಂದಿದ್ದದ್ದು ಸುಣ್ಣವೇ. ತಾರೀಕು ಒಂದು ದಿನ ಆಚೀಚೆ ಇರಲಿಲ್ಲ. ಅವನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. "ಅದು ಸರಿಯಾಗಿದೆ ಪುಟ್ಟಿ" ಎಂದು ಒಂದು ಸಲ ಹೇಳಿದ. ಅವಳು "ಹೂಂ ಮಾವ" ಎಂದು, ಆ ಬಾಟಲಿಯನ್ನೂ ತೆರೆದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇಳಿಯುತ್ತದೆ ಎಂದಾದರೂ ಕಾಯಬಹುದಿತ್ತು.

ಕೊನೆಯ ದಿನ ಬೀಗದ ಕೈ ಕೊಟ್ಟು ಇಬ್ಬರೂ ಒಟ್ಟಿಗೇ ಮನೆಗೆ ಬಂದರು. ಹೆಂಡತಿ ಅವನ ಮುಖ ನೋಡಿ, "ನನ್ನ ಆಪರೇಷನ್ನಿಂದಲೇ ಇಷ್ಟೆಲ್ಲ ಆಯ್ತು" ಎಂದಳು. "ನಿನ್ನದೇನಿದೆ ಅದರಲ್ಲಿ" ಎಂದ, ಅಡುಗೆಮನೆಯ ಮಣೆಯ ಮೇಲೆ ಕೂರುತ್ತ. "ಎರಡು ಗೆರೆ ಖಾಲಿ ಬಿಟ್ಟಿದ್ರೆ ಆಗ್ತಿತ್ತು." ಮೂರು ದಿನದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು.

"ನೀವು ಕೂತ್ಕೊಳ್ಳಿ ಅತ್ತೆ, ಚಹಾ ನಾನು ಮಾಡ್ತೀನಿ" ಎಂದು ಪುಟ್ಟಿ ಒಲೆ ಹಚ್ಚಿದಳು. ನೀರು ಕುದಿಯಿತು, ಪುಡಿ ಬಿತ್ತು, ಹಾಲು ಬಿತ್ತು. ಸಾಲಿನಲ್ಲಿದ್ದ ಮೂರು ಡಬ್ಬಿಗಳಲ್ಲಿ ನಡುವಿನದನ್ನು ತೆಗೆದಳು. ಸಕ್ಕರೆ, ದುಂಡಗಿನ ಅಕ್ಷರ, ತುಂಬಿದ ತಾರೀಕು. ಅವಳು ಅದನ್ನು ಓದಿದಳು. ಮುಚ್ಚಳ ತೆರೆದಳು. ಆಮೇಲೆ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡು ರುಚಿ ನೋಡಿದಳು.

ಬೇಕೆಂದು ಮಾಡಿದ್ದಲ್ಲ ಅದು, ಕೈ ತಾನಾಗಿ ಮಾಡಿದ್ದು. ಅವಳಿಗೆ ಗೊತ್ತೂ ಆಗಲಿಲ್ಲ. ಹೆಂಡತಿಗೆ ಗೊತ್ತಾಯಿತು, ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಪುಟ್ಟಿ ಮೂರು ಲೋಟಕ್ಕೂ ಎರಡೆರಡು ಚಮಚ ಹಾಕಿ, ಕಲಕಿ, ಮೊದಲ ಲೋಟವನ್ನು ಅವನ ಮುಂದಿಟ್ಟು "ತಗೊಳ್ಳಿ ಮಾವ" ಎಂದಳು. ಲೇಬಲ್ಲಣ್ಣ ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದ. ಸಕ್ಕರೆ ಸರಿಯಾಗಿತ್ತು.